ಗುದ್ದಿದ ಗೂಡ್ಸ್ ಗಾಡಿಗೆ ಇನ್ಶೂರೆನ್ಸ್ ಇಲ್ಲ, ಅಣ್ಣನ ಕಾಲು ಮುರಿದಿದೆ. ಪರಿಹಾರ ಯಾರನ್ನು ಕೇಳೋದು?

ಕಲ್ಪತರು_ತಂಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮಣ್ಣನಿಗೆ 34 ವರ್ಷ. ತೆಂಗಿನ ಮರ ಹತ್ತಿ ಕಾಯಿ ಕೀಳೋದು ಅವನ ಕೆಲಸ. ಸಣ್ಣಪುಟ್ಟ ತೋಟಗಳನ್ನು ಗುತ್ತಿಗೆಗೂ ಹಿಡಿಯುತ್ತಾನೆ. ಮೊನ್ನೆ ತಿಪಟೂರಿನಿಂದ ಅರಸೀಕೆರೆ ಕಡೆಗೆ ಬೈಕಲ್ಲಿ ಹೋಗುತ್ತಿದ್ದ. ಎದುರಿಂದ ಬರುತ್ತಿದ್ದ ಗೂಡ್ಸ್ ಗಾಡಿಯೊಂದು ಬಸ್ಸನ್ನು ಹಿಂದೆ ಹಾಕೋಕೆ ಹೋಗಿ ನೇರ ಇವನಿಗೆ ಗುದ್ದಿದೆ. ಬಲಗಾಲಿನ ತೊಡೆ ಮೂಳೆ, ಮೊಣಕಾಲಿನ ಕೆಳಗಿನ ಮೂಳೆ, ಎರಡೂ ಮುರಿದಿವೆ. ಆಪರೇಷನ್ ಮಾಡಿ ರಾಡ್ ಹಾಕಿದ್ದಾರೆ. ಪಾದವನ್ನು ಮೇಲಕ್ಕೆ ಎತ್ತೋಕೆ ಇನ್ನೂ ಆಗುತ್ತಿಲ್ಲ.

ಗಾಡಿ ಸ್ಟೇಷನ್‌ನಲ್ಲಿದೆ. ಆರ್‌ಸಿ ಚಿಕ್ಕನಾಯಕನಹಳ್ಳಿ ಕಡೆಯವರೊಬ್ಬರ ಹೆಸರಲ್ಲಿದೆ. ಡ್ರೈವರ್ "ಗಾಡಿ ನಾನು ಕೊಂಡುಕೊಂಡು ವರ್ಷವಾಯ್ತು, ಹೆಸರು ಬದಲಾಯಿಸಿಲ್ಲ ಅಷ್ಟೆ" ಅನ್ನುತ್ತಾನೆ. ಇನ್ಶೂರೆನ್ಸ್ ಮುಗಿದು ತಿಂಗಳುಗಳೇ ಆಗಿವೆ ಅಂತ ಪೊಲೀಸರು ಹೇಳಿದರು. ಈಗ ಅವರ ಕಡೆಯ ಹಿರಿಯರು ಬಂದು, ಒಂದು ಲಕ್ಷ ಕೊಡ್ತೀವಿ, ಛಾಪಾ ಕಾಗದದ ಮೇಲೆ ರಾಜಿ ಬರೆದುಕೊಡಿ ಅಂತ ಕೂತಿದ್ದಾರೆ. ಆಸ್ಪತ್ರೆ ಬಿಲ್ಲೇ ಅದಕ್ಕಿಂತ ಜಾಸ್ತಿ ಆಗಿದೆ. ಅತ್ತಿಗೆಗೆ ಏನು ಹೇಳೋದೋ ಗೊತ್ತಾಗುತ್ತಿಲ್ಲ. ಮನೆಯಲ್ಲಿ ದುಡಿಯೋನು ಅವನೊಬ್ಬನೇ.

ಹೈವೇ_ಲಾರಿ

ತಂಗಿ, ಮೊದಲು ಅಣ್ಣ ಹುಷಾರಾಗಲಿ. ನಾನು ಲಾರಿ ಇಟ್ಟುಕೊಂಡವನು, ಇಂಥದ್ದನ್ನು ಎರಡೂ ಕಡೆಯಿಂದ ನೋಡಿದ್ದೇನೆ. ಇನ್ಶೂರೆನ್ಸ್ ಇಲ್ಲದ ಗಾಡಿಯ ಮೇಲೆ ಕೇಸ್ ಗೆದ್ದರೂ ದುಡ್ಡು ಕೈಗೆ ಬರೋದು ಕಷ್ಟ. ಒಂದಕ್ಕೆ ಎರಡೂವರೆ ಲಕ್ಷ ಕೇಳಿ, ಕೊಟ್ಟರೆ ತಗೊಂಡು ಮುಗಿಸಿ. ಕೋರ್ಟಿಗೆ ಅಲೆಯೋ ಶಕ್ತಿ ಈಗ ನಿಮ್ಮ ಮನೆಗೆ ಇರಲ್ಲ.

ಹಳೇ_ಗುಮಾಸ್ತ

ಲಾರಿಯವರು ಕಾಳಜಿಯಿಂದಲೇ ಹೇಳಿದ್ದಾರೆ, ಆದರೆ ನಾನು ಒಪ್ಪಲ್ಲ. ವಕೀಲರ ಕಚೇರಿಯಲ್ಲಿ ಎಂವಿಸಿ, ಅಂದರೆ ಅಪಘಾತ ಪರಿಹಾರದ ಕೇಸುಗಳ ಫೈಲುಗಳನ್ನೇ ನೋಡಿಕೊಂಡು ಬಂದವನು ನಾನು. ಆಸ್ಪತ್ರೆಯಲ್ಲಿ ಮಲಗಿರುವಾಗ ಯಾವ ಕಾಗದಕ್ಕೂ ಸಹಿ ಹಾಕಬೇಡಿ ಅಮ್ಮ. "ಮುಂದೆ ಯಾವ ಕ್ಲೇಮೂ ಮಾಡಲ್ಲ" ಅಂತ ಒಂದು ಸಾಲು ಅದರಲ್ಲಿ ಇದ್ದೇ ಇರುತ್ತೆ. ಆಮೇಲೆ ಎದುರು ಪಾರ್ಟಿಯ ವಕೀಲರು ಮೊದಲು ತೆಗೆಯೋದೇ ಆ ಕಾಗದ. ಆಸ್ಪತ್ರೆ ಖರ್ಚಿಗೆ ಅಂತ ದುಡ್ಡು ಕೊಟ್ಟರೆ ಬ್ಯಾಂಕಿಗೆ ಹಾಕಿಸಿಕೊಳ್ಳಿ, ಚಿಕಿತ್ಸೆಗೆ ಅಂತಲೇ ಬರೆಸಿ. ರಾಜಿ ಬೇಡ.

ಈಗ ತುರ್ತಾಗಿ ಆಗಬೇಕಾದ ಕೆಲಸ ಆ ಗಾಡಿಯದು. ಅದು ಸ್ಟೇಷನ್ ಬಿಟ್ಟು ಹೋಗಬಾರದು. ಅಪಘಾತ ಮಾಡಿದ ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಕೊಡೋ ವಿಮೆ) ಇಲ್ಲದಿದ್ದರೆ, ಪರಿಹಾರಕ್ಕೆ ಸಾಕಾಗುವಷ್ಟು ಭದ್ರತೆ ಕೊಡದೆ ಅದನ್ನು ಮಾಲೀಕರಿಗೆ ಬಿಡಬಾರದು. ಮೂರು ತಿಂಗಳಲ್ಲಿ ಭದ್ರತೆ ಕೊಡದಿದ್ದರೆ ಮ್ಯಾಜಿಸ್ಟ್ರೇಟರು ಅದನ್ನು ಹರಾಜು ಹಾಕಿ ದುಡ್ಡನ್ನು ಕ್ಲೇಮ್ಸ್ ಟ್ರಿಬ್ಯುನಲ್‌ಗೆ (ಅಪಘಾತ ಪರಿಹಾರ ತೀರ್ಮಾನಿಸೋ ಕೋರ್ಟಿಗೆ) ಕಟ್ಟಬೇಕು. ಈ ನಿಯಮ ಮೊದಲು ದೆಹಲಿಯಲ್ಲಿತ್ತು. ಎಲ್ಲ ರಾಜ್ಯಗಳೂ ಇಂಥ ನಿಯಮ ಮಾಡಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಉಷಾದೇವಿ ಪ್ರಕರಣದಲ್ಲಿ ಹೇಳಿತು. ನಮ್ಮ ಕರ್ನಾಟಕದ ಮೋಟಾರು ವಾಹನ ನಿಯಮಗಳಿಗೂ ಅದು ಬಂದಿದೆ.

ಹಾಗಾಗಿ ತನಿಖಾಧಿಕಾರಿಗೆ ಇವತ್ತೇ ಒಂದು ಅರ್ಜಿ ಬರೆದುಕೊಡಿ. ಗಾಡಿ ನಂಬರ್, ಎಫ್‌ಐಆರ್ ನಂಬರ್, "ವಿಮೆ ಇಲ್ಲ, ಭದ್ರತೆ ಇಲ್ಲದೆ ಬಿಡಬಾರದು" ಇಷ್ಟು ಸಾಕು. ಇನ್ನೊಂದು ಪ್ರತಿಯ ಮೇಲೆ ಸ್ಟೇಷನ್ ಸೀಲು ಹಾಕಿಸಿಕೊಳ್ಳಿ. ಗಾಡಿ ಬಿಡಿಸಿಕೊಳ್ಳೋಕೆ ಅವರು ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಅರ್ಜಿ ಹಾಕಿಯೇ ಹಾಕುತ್ತಾರೆ. ಅಲ್ಲಿ ಸರ್ಕಾರಿ ವಕೀಲರನ್ನು ಕಂಡು ತಕರಾರು ಹಾಕಿಸಿ. ಅಂಥ ಗಾಡಿ ಹಳೆಯದಾದರೂ ಹರಾಜಿನಲ್ಲಿ ಒಂದಿಷ್ಟು ದುಡ್ಡು ಬರುತ್ತೆ. ಬಿಟ್ಟುಬಿಟ್ಟರೆ ವಾರದೊಳಗೆ ಬೇರೆ ಜಿಲ್ಲೆಯಲ್ಲಿ ಮಾರಿರುತ್ತಾರೆ.

ಕಲ್ಪತರು_ತಂಗಿ

ಸರ್, ಇದು ಯಾರೂ ಹೇಳಿರಲಿಲ್ಲ. ಅವರ ಕಡೆಯವರು ಗಾಡಿ ಬಿಡಿಸಿಕೊಳ್ಳೋಕೆ ಓಡಾಡುತ್ತಿದ್ದಾರೆ ಅಂತ ಕೇಳಿದ್ದೆ. ಈಗಲೇ ಅರ್ಜಿ ಬರೆಯುತ್ತೇನೆ.

ಸ್ಯಾನ್‌ಹೊಸೆ_ಕನ್ನಡಿಗ

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಇಲ್ಲಿ ಈ ಕಷ್ಟದ ರೂಪವೇ ಬೇರೆ. ಗುದ್ದಿದವನಿಗೆ ಇನ್ಶೂರೆನ್ಸ್ ಇರುತ್ತೆ, ಆದರೆ ಸಾಲಲ್ಲ. 2024ರ ಕೊನೆಯವರೆಗೆ ಕಾನೂನು ಕೇಳುತ್ತಿದ್ದದ್ದು ಒಬ್ಬರ ಗಾಯಕ್ಕೆ ಬರೀ 15,000 ಡಾಲರ್. 2025ರಿಂದ 30,000 ಆಗಿದೆ. ಇಲ್ಲಿನ ಆಸ್ಪತ್ರೆ ಬಿಲ್ಲಿಗೆ ಅದು ಏನೇನೂ ಅಲ್ಲ. ಅದಕ್ಕೇ ನಮ್ಮ ಪಾಲಿಸಿಯಲ್ಲೇ "ಅಂಡರ್‌ಇನ್ಶೂರ್ಡ್ ಮೋಟರಿಸ್ಟ್" ಅಂತ ಒಂದು ಕವರ್ ತಗೊಳ್ಳುತ್ತೇವೆ. ಎದುರಿನವನ ದುಡ್ಡು ಮುಗಿದ ಮೇಲೆ ನಮ್ಮ ಕಂಪನಿ ಕೊಡುತ್ತೆ. ಅದರಲ್ಲೂ ಒಂದು ಲೆಕ್ಕ ಇದೆ. ನನ್ನ ಕವರ್ ಒಂದು ಲಕ್ಷ ಡಾಲರ್ ಇದ್ದು ಅವನದು 30,000 ಇದ್ದರೆ ನನ್ನ ಕಂಪನಿಯಿಂದ ಸಿಗೋದು ಹೆಚ್ಚೆಂದರೆ 70,000. ಇಲ್ಲಿರೋ ನಮ್ಮವರು, ಅದರಲ್ಲೂ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು, ಈ ಕವರ್ ಎಷ್ಟಿದೆ ಅಂತ ನೋಡಿಕೊಳ್ಳಿ. ಊರಲ್ಲೂ ಹೀಗೆ ನಮ್ಮದೇ ಪಾಲಿಸಿಯಿಂದ ಕೇಳೋ ದಾರಿ ಇಲ್ವಾ?

ಹಳೇ_ಗುಮಾಸ್ತ

ನಮ್ಮಲ್ಲಿ ಆ ಕವರ್ ಇಲ್ಲ ಸರ್. ನಮ್ಮ ಕಾನೂನಿನಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದ್ದರೆ ಸಾವು ನೋವಿಗೆ ಮಿತಿಯೇ ಇಲ್ಲ. ಟ್ರಿಬ್ಯುನಲ್ ಎಷ್ಟು ಹೇಳಿದರೆ ಅಷ್ಟು ಕಂಪನಿ ಕೊಡಬೇಕು. ಮಿತಿ ಇರೋದು ಗಾಡಿ, ಗೋಡೆ, ಅಂಗಡಿಯಂಥ ಆಸ್ತಿ ಹಾನಿಗೆ ಮಾತ್ರ. ಆದ್ದರಿಂದ ಇಲ್ಲಿ ಪೂರ್ತಿ ಉಂಟು, ಇಲ್ಲದಿದ್ದರೆ ಏನೂ ಇಲ್ಲ.

ನಮ್ಮದೇ ಪಾಲಿಸಿಯಿಂದ ಸಿಗೋದು ಅಂದರೆ ಮಾಲೀಕ-ಚಾಲಕರ ವೈಯಕ್ತಿಕ ಅಪಘಾತ ವಿಮೆ, 15 ಲಕ್ಷದ್ದು. ತಂಗಿ, ಅಣ್ಣನ ಬೈಕ್ ಯಾರ ಹೆಸರಲ್ಲಿದೆ?

ಕಲ್ಪತರು_ತಂಗಿ

ಅಪ್ಪನ ಹೆಸರಲ್ಲಿದೆ ಸರ್. ಥರ್ಡ್ ಪಾರ್ಟಿ ಮಾತ್ರ ಇದೆ. ಅಣ್ಣನಿಗೆ ಲೈಸೆನ್ಸ್ ಇದೆ, ಹೆಲ್ಮೆಟ್ ಹಾಕಿದ್ದ.

ಹಳೇ_ಗುಮಾಸ್ತ

ಹಾಗಾದರೆ ಆ 15 ಲಕ್ಷ ಬರಲ್ಲ. ಅದು ಆರ್‌ಸಿಯಲ್ಲಿ ಹೆಸರಿದ್ದು, ತಾನೇ ಓಡಿಸುತ್ತಿದ್ದವರಿಗೆ. ಹೆಸರಿದ್ದರೂ ಸಾವು, ಕೈಕಾಲು ಅಥವಾ ಕಣ್ಣು ಕಳೆದುಕೊಳ್ಳೋದು, ಪೂರ್ತಿ ಶಾಶ್ವತ ಅಂಗವೈಕಲ್ಯ, ಇಂಥವಕ್ಕೆ ಮಾತ್ರ. ಬರೀ ಮೂಳೆ ಮುರಿದದ್ದಕ್ಕೆ ಸಿಗಲ್ಲ.

ಬ್ಯಾಂಕ್ ಪಾಸ್‌ಬುಕ್ ನೋಡಿ. ವರ್ಷಕ್ಕೆ 20 ರೂಪಾಯಿ ಕಟ್ ಆಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಒಂದು ಕಾಲಿನ ಬಳಕೆಯೇ ಶಾಶ್ವತವಾಗಿ ಹೋದರೆ ಅದರಲ್ಲಿ ಒಂದು ಲಕ್ಷ ಇದೆ. ಹಾಗಾಗದಿರಲಿ. ಆದರೂ ಬ್ಯಾಂಕಿಗೆ ಒಂದು ಮಾತು ತಿಳಿಸಿಡಿ.

ಕಡೂರು_ಹುಡುಗ

ಇನ್ನೊಂದು ವಿಷಯ. 2025ರ ಮೇ ತಿಂಗಳಿಂದ ಕೇಂದ್ರ ಸರ್ಕಾರದ ಕ್ಯಾಶ್‌ಲೆಸ್ ಚಿಕಿತ್ಸೆ ಯೋಜನೆ ಜಾರಿಯಲ್ಲಿದೆ. ರಸ್ತೆ ಅಪಘಾತವಾದ ದಿನದಿಂದ ಏಳು ದಿನ, 1.5 ಲಕ್ಷದವರೆಗೆ. ಗುದ್ದಿದ ಗಾಡಿಗೆ ಇನ್ಶೂರೆನ್ಸ್ ಇಲ್ಲದಿದ್ದರೂ ಸಿಗುತ್ತೆ. ಯೋಜನೆಗೆ ಸೇರಿದ ಆಸ್ಪತ್ರೆ ಆಗಿರಬೇಕು, ಪೊಲೀಸರು ಪೋರ್ಟಲ್‌ನಲ್ಲಿ ಅಪಘಾತ ಅಂತ ದೃಢಪಡಿಸಬೇಕು. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಹೆಸರು ಹೇಳಿಯೇ ಕೇಳಿ. ಕೇಳದಿದ್ದರೆ ಅವರಾಗಿ ಹೇಳೋದು ಕಮ್ಮಿ.

ನಮ್ಮಮ್ಮನ ಕೇಸನ್ನೂ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು. ಅಮ್ಮ ಆಟೋದಲ್ಲಿ ಹೋಗುತ್ತಿದ್ದರು. ಇನ್ಶೂರೆನ್ಸ್ ಇಲ್ಲದ ಕಾರೊಂದು ಗುದ್ದಿತು. ಸೊಂಟದ ಮೂಳೆ ಮುರಿಯಿತು. ಕಾರಿನವನಿಂದ ಏನೂ ಹುಟ್ಟಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದರು. ಆದರೆ ಪೊಲೀಸ್ ನಕಾಶೆ ನೋಡಿದಾಗ ಆಟೋ ಕೂಡ ತಿರುವಿನಲ್ಲಿ ರಸ್ತೆಯ ಬಲಕ್ಕೆ ಬಂದಿತ್ತು. ಆಟೋಗೆ ಇನ್ಶೂರೆನ್ಸ್ ಇತ್ತು. ಎರಡು ಗಾಡಿಗಳ ತಪ್ಪಿನಿಂದ ಮೂರನೆಯವರಿಗೆ ಪೆಟ್ಟಾದರೆ, ಆ ಮೂರನೆಯವರು ಪೂರ್ತಿ ಪರಿಹಾರವನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು. 2015ರ ಖೆನ್ಯೇಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ನಮ್ಮ ವಕೀಲರು ಎರಡೂ ಗಾಡಿಯವರನ್ನು ಕೇಸಿನಲ್ಲಿ ಪಾರ್ಟಿ (ಎದುರುದಾರರು) ಮಾಡಿದರು. ಆಟೋದ ವಿಮಾ ಕಂಪನಿಯೇ ಅಮ್ಮನಿಗೆ ಪೂರ್ತಿ ಕೊಟ್ಟಿತು.

ತಂಗಿಯ ಕೇಸಿನಲ್ಲಿ ಬಸ್ಸಿನ ತಪ್ಪು ಏನಾದರೂ ಇತ್ತಾ? ಬೈಕಿನ ಹಿಂದೆ ಯಾರಾದರೂ ಕೂತಿದ್ದರಾ?

ಕಲ್ಪತರು_ತಂಗಿ

ಇಲ್ಲ, ಅಣ್ಣ ಒಬ್ಬನೇ ಇದ್ದ. ಬಸ್ಸು ತನ್ನ ಪಾಡಿಗೆ ಎಡಗಡೆ ಹೋಗುತ್ತಿತ್ತು ಅಂತ ಅಣ್ಣನೇ ಹೇಳುತ್ತಾನೆ. ಸುಮ್ನೆ ಬಸ್ಸಿನವರನ್ನು ಎಳೆಯೋದು ಬೇಡ.

ಅತಿಥಿ_ಓದುಗ

ಸ್ಟೇಷನ್‌ನಲ್ಲಿ ಮಾತಾಡಿ ಇನ್ಶೂರೆನ್ಸ್ ಇರೋ ಬೇರೆ ಯಾವುದಾದರೂ ಗಾಡಿ ತೋರಿಸಿಬಿಡಿ. ನಮ್ಮ ಕಡೆ ಮಾಡುತ್ತಾರೆ. ಕಂಪನಿ ದುಡ್ಡು ತಾನೆ, ಯಾರಿಗೆ ನಷ್ಟ?

ಧಾರವಾಡ_ಮಳೆ

ಈ ಮಾತನ್ನು ಇಲ್ಲಿಗೇ ಬಿಡ್ರಿ. ನಾನು ವಕೀಲೆ, ಹೈಕೋರ್ಟಿನ ಧಾರವಾಡ ಪೀಠದಲ್ಲಿ ಅಪೀಲು ನಡೆಸುತ್ತೇನೆ. ಗಾಡಿ ಬದಲಾಯಿಸಿದ್ದು ಗೊತ್ತಾದರೆ ಕ್ಲೇಮ್ ವಜಾ ಆಗುತ್ತೆ, ಮೇಲೆ ಮೋಸದ ಕ್ರಿಮಿನಲ್ ಕೇಸು ಬರುತ್ತೆ. ಆರೋಪಿ ಆಗೋದು ಕಾಲು ಮುರಿದುಕೊಂಡು ಮಲಗಿದವರೇ. ಆಸ್ಪತ್ರೆಯ ಎಂಎಲ್‌ಸಿ ರಿಜಿಸ್ಟರ್‌ನಲ್ಲಿ (ಪೊಲೀಸ್ ಕೇಸಿಗೆ ಸಂಬಂಧಪಟ್ಟ ಗಾಯಾಳುಗಳ ದಾಖಲೆ ಪುಸ್ತಕ) ಮೊದಲ ಗಂಟೆಯಲ್ಲೇ ಯಾವ ಗಾಡಿ ಗುದ್ದಿತು ಅಂತ ಬರೆದಿರುತ್ತಾರೆ. ವಿಮಾ ಕಂಪನಿಯವರು ಮೊದಲು ತರಿಸೋದೇ ಅದನ್ನು. ನಿಜವಾಗಿ ನೊಂದವರ ಕ್ಲೇಮನ್ನೂ ಇವತ್ತು ಅನುಮಾನದಿಂದ ನೋಡುತ್ತಾರೆ ಅಂದರೆ ಅದಕ್ಕೆ ಕಾರಣ ಇಂಥ ಕೆಲಸಗಳೇ. ನನಗೆ ಇದರ ಬಗ್ಗೆ ನಿಜವಾಗಿ ಸಿಟ್ಟಿದೆ.

ಈಗ ತಂಗಿಯ ವಿಷಯಕ್ಕೆ ಬರುತ್ತೇನೆ. ಲಾರಿಯವರು ಕೇಳಿದ ಪ್ರಶ್ನೆ ಸರಿಯಾದದ್ದೇ. ಗೆದ್ದ ಮೇಲೆ ದುಡ್ಡು ಎಲ್ಲಿಂದ ಬರಬೇಕು? ಇಲ್ಲಿ ಆರ್‌ಸಿ ಮುಖ್ಯ. ಗಾಡಿ ಮಾರಿದ್ದೇನೆ ಅಂತ ಮಾಲೀಕರು ಎಷ್ಟೇ ಹೇಳಲಿ, ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗಿಲ್ಲದಿದ್ದರೆ ಕಾನೂನಿನ ಕಣ್ಣಿಗೆ ಅವರೇ ಮಾಲೀಕರು. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಪೆಟ್ಟು ತಿಂದವರು, ಗಾಡಿ ಯಾರಿಂದ ಯಾರಿಗೆ ಹೋಯ್ತು ಅಂತ ಹುಡುಕಿಕೊಂಡು ಅಲೆಯಬೇಕಿಲ್ಲ. ಹಾಗಾಗಿ ಡ್ರೈವರ್ ಮತ್ತು ಆರ್‌ಸಿ ಮಾಲೀಕರು, ಇಬ್ಬರನ್ನೂ ಪಾರ್ಟಿ ಮಾಡಿ. ಡ್ರೈವರ್ ಹತ್ತಿರ ಏನೂ ಇಲ್ಲದಿರಬಹುದು. ಆರ್‌ಸಿ ಮಾಲೀಕರಿಗೆ ಜಮೀನು ಇದೆಯಾ? ಪಹಣಿ ಆನ್‌ಲೈನ್‌ನಲ್ಲೇ ಸಿಗುತ್ತೆ, ತೆಗೆಸಿ ನೋಡಿ.

ಜಮೀನು ಇದ್ದು ಅದನ್ನು ಮಾರೋಕೆ ಹೊರಟಿದ್ದಾರೆ ಅಂತ ತೋರಿಸಲು ಆಧಾರ ಇದ್ದರೆ, ತೀರ್ಪಿಗೂ ಮೊದಲೇ ಜಪ್ತಿ ಕೇಳಬಹುದು. ತೀರ್ಪು ಆದ ಮೇಲೂ ದುಡ್ಡು ಕಟ್ಟದಿದ್ದರೆ ಮೋಟಾರು ವಾಹನ ಕಾಯ್ದೆಯ 174ನೇ ಸೆಕ್ಷನ್ ಇದೆ. ಟ್ರಿಬ್ಯುನಲ್ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಿದರೆ ಕಂದಾಯ ಬಾಕಿಯ ಹಾಗೆ ವಸೂಲಿ ಮಾಡಬೇಕು. ನಿಧಾನ ಆಗುತ್ತೆ, ಸುಳ್ಳು ಹೇಳಲ್ಲ. ಆದರೆ ಪಹಣಿಯ ಋಣದ ಕಾಲಂನಲ್ಲಿ ಜಪ್ತಿ ಅಂತ ಬಿದ್ದ ಮೇಲೆ, ಬ್ಯಾಂಕ್ ಸಾಲವೂ ಇಲ್ಲ, ಮಾರೋಕೂ ಆಗಲ್ಲ ಅಂತಾದಾಗ, ಅದೇ ಹಿರಿಯರು ಬೇರೆ ಮೊತ್ತ ಹಿಡಿದುಕೊಂಡು ಬರುತ್ತಾರೆ. ಆಗ ಲೋಕ ಅದಾಲತ್‌ನಲ್ಲಿ, ನ್ಯಾಯಾಧೀಶರ ಮುಂದೆ ರಾಜಿ ಮಾಡಿಕೊಳ್ಳಿ.

ಗಡುವಿನ ಮಾತು: 2022ರ ಏಪ್ರಿಲ್‌ನಿಂದ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ ಕಾಯ್ದೆ ಹೇಳುತ್ತೆ. ತಡವಾಯ್ತು ಅಂತ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿದೆ. ಅದನ್ನು ನಂಬಿಕೊಂಡು ಕೂರಬೇಡಿ. ಅಪಘಾತ ಆದ ಕಡೆಯೂ ಹಾಕಬಹುದು, ನೀವು ವಾಸ ಇರೋ ಕಡೆಯೂ ಹಾಕಬಹುದು.

ಹೈವೇ_ಲಾರಿ

ಮೇಡಂ, ಆರ್‌ಸಿ ಮಾಲೀಕರ ಜವಾಬ್ದಾರಿ ವಿಷಯ ನನಗೂ ಮುಖ್ಯವಾಯ್ತು. ಹಳೇ ಗಾಡಿ ಕೊಟ್ಟು ಹೆಸರು ಬದಲಾವಣೆಯ ಫಾರಂ 29, 30ಕ್ಕೆ ಸಹಿ ಮಾಡಿ ಬಿಟ್ಟುಬಿಡೋರು ನಮ್ಮಲ್ಲಿ ಬಹಳ ಜನ. ಎಲ್ಲರಿಗೂ ಹೇಳುತ್ತೇನೆ. ತಂಗಿ, ಮೇಡಂ ಹೇಳಿದಂತೆ ಮಾಡಿ.

ಕಲ್ಪತರು_ತಂಗಿ

ಅರ್ಜಿ ಕೊಟ್ಟೆ, ಸೀಲು ಹಾಕಿಸಿಕೊಂಡೆ. ಆದರೆ ಈಗ ಹೊಸ ತೊಡಕು. ಅವರು ಒಂದು ಇನ್ಶೂರೆನ್ಸ್ ಪಾಲಿಸಿ ತಂದು ತೋರಿಸುತ್ತಿದ್ದಾರೆ. ತಾರೀಖು ಅಪಘಾತ ಆದ ದಿನದ್ದೇ ಇದೆ! ಹಾಗಾದರೆ ಇನ್ಶೂರೆನ್ಸ್ ಇತ್ತು ಅಂತ ಆಯ್ತಾ? ಖುಷಿ ಪಡೋದಾ?

ಹಳೇ_ಗುಮಾಸ್ತ

ತಾರೀಖಿನ ಪಕ್ಕ ಗಂಟೆ ಇರುತ್ತೆ, ಅದನ್ನು ನೋಡಿ ಅಮ್ಮ. "ವಿಮಾ ಅವಧಿ" ಅನ್ನೋ ಸಾಲಿನಲ್ಲಿ ಎಷ್ಟು ಗಂಟೆಯಿಂದ ಅಂತ ಬರೆದಿರುತ್ತೆ. ಎಫ್‌ಐಆರ್‌ನಲ್ಲಿ ಅಪಘಾತದ ಸಮಯ ಎಷ್ಟಿದೆ?

ಕಲ್ಪತರು_ತಂಗಿ

ಎಫ್‌ಐಆರ್‌ನಲ್ಲಿ ಮಧ್ಯಾಹ್ನ 3.30. ಪಾಲಿಸಿಯಲ್ಲಿ ಅದೇ ದಿನ ಸಂಜೆ 7.12ರಿಂದ ಅಂತ ಇದೆ.

ಧಾರವಾಡ_ಮಳೆ

ಗುದ್ದಿದ ಮೇಲೆ ಮಾಡಿಸಿದ್ದಾರೆ. ಈ ಅಪಘಾತಕ್ಕೆ ಆ ಪಾಲಿಸಿ ಬರಲ್ಲ. ಆದರೂ ಅದರ ಪ್ರತಿ ಇಟ್ಟುಕೊಳ್ಳಿ. ತನಿಖಾಧಿಕಾರಿಗೆ ಈ ಎರಡು ಸಮಯಗಳನ್ನು ಬರೆದು ತಿಳಿಸಿ, ಇಲ್ಲದಿದ್ದರೆ ಚಾರ್ಜ್‌ಶೀಟ್‌ನಲ್ಲಿ "ವಿಮೆ ಇದೆ" ಅಂತ ಬಂದು ಗಾಡಿ ಸಲೀಸಾಗಿ ಹೊರಗೆ ಹೋಗುತ್ತೆ. ಅವರು ಆ ಕಾಗದ ತಂದಿದ್ದೇ ಅದಕ್ಕೆ. ಹಳೇ ಪಾಲಿಸಿ ಎಂದು ಮುಗಿಯಿತು ಅನ್ನೋದನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ವಿಮಾ ಕಂಪನಿಯನ್ನೂ ಪಾರ್ಟಿ ಮಾಡಬೇಕಾ ಅಂತ ನಿಮ್ಮ ವಕೀಲರನ್ನು ಕೇಳಿ. ಡ್ರೈವರ್‌ಗೆ ಲೈಸೆನ್ಸ್ ಇಲ್ಲ ಅನ್ನೋ ಥರದ ತಕರಾರಾದರೆ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಲಿ ಅಂತ ಕೋರ್ಟು ಹೇಳುತ್ತೆ. 2004ರ ಸ್ವರಣ್ ಸಿಂಗ್ ತೀರ್ಪಿನಿಂದ ಬಂದ ದಾರಿ ಅದು. ಆದರೆ ಗುದ್ದುವ ಹೊತ್ತಿಗೆ ಪಾಲಿಸಿಯೇ ಇಲ್ಲ ಅಂದರೆ ಆ ದಾರಿ ಇಲ್ಲ.

ಮೂಳೆ_ಡಾಕ್ಟ್ರು

ನಾನು ಆರ್ಥೋಪೆಡಿಕ್ ಡಾಕ್ಟರ್. ಕೋರ್ಟಿಗೆ ಸಾಕ್ಷಿ ಹೇಳಲು ಆಗಾಗ ಹೋಗುತ್ತೇನೆ. ಪಾದ ಮೇಲಕ್ಕೆ ಎತ್ತಲು ಆಗುತ್ತಿಲ್ಲ ಅಂದದ್ದು ಗಮನಿಸಿದೆ. ಅದು ನರಕ್ಕೆ ಪೆಟ್ಟಾದ ಲಕ್ಷಣ ಇರಬಹುದು. ಚಿಕಿತ್ಸೆ ಮಾಡುತ್ತಿರುವವರಿಗೆ ಇದನ್ನು ಮತ್ತೆ ಮತ್ತೆ ಹೇಳಿ. ನರದ ಪರೀಕ್ಷೆ ಬೇಕಾ ಅಂತ ಕೇಳಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದು ಬರೆದಿರಲೇಬೇಕು. ಒಂದು ವರ್ಷದ ಮೇಲೆ ಕೋರ್ಟಿನಲ್ಲಿ ಹೇಳಿದರೆ "ಆಗ ಯಾಕೆ ಬರೆದಿಲ್ಲ" ಅಂತ ಕೇಳುತ್ತಾರೆ.

ಅಂಗವೈಕಲ್ಯದ ಸರ್ಟಿಫಿಕೇಟಿಗೆ ಆತುರ ಬೇಡ. ಮೂಳೆ ಕೂಡಿದ ಮೇಲೆ ಅಳೆಯಬೇಕು. ಎಕ್ಸ್‌ರೇ ಫಿಲಂಗಳನ್ನು ಮಡಚದೆ ಇಡಿ. ಔಷಧಿ ಬಿಲ್ಲಿನ ಅಚ್ಚು ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತೆ, ಇವತ್ತೇ ಜೆರಾಕ್ಸ್ ಮಾಡಿಸಿ ಅಸಲಿನ ಜೊತೆ ಪಿನ್ ಮಾಡಿ.

ಧಾರವಾಡ_ಮಳೆ

ಡಾಕ್ಟರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸಬೇಕು, ಯಾಕೆಂದರೆ ಈ ಕೇಸಿನಲ್ಲಿ ದುಡ್ಡಿನ ವ್ಯತ್ಯಾಸ ಇರೋದೇ ಇಲ್ಲಿ. ಡಾಕ್ಟರು ಕಾಲಿಗೆ 60 ಪರ್ಸೆಂಟ್ ಅಂತ ಬರೆದರೆ, ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ, ಅಂದರೆ 20 ಅಂತ ಹಿಡಿಯೋದು ನಮ್ಮ ಕೋರ್ಟುಗಳ ರೂಢಿ. ಆದರೆ 2010ರ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನ ಪ್ರಕಾರ ನೋಡಬೇಕಾದ್ದು ದೇಹದ ಪರ್ಸೆಂಟ್ ಅಲ್ಲ. ಆ ಮನುಷ್ಯನ ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಅನ್ನೋದು. ಕುರ್ಚಿಯಲ್ಲಿ ಕೂತು ಕೆಲಸ ಮಾಡೋರಿಗೆ ಈ ಕಾಲಿನಿಂದ ಆಗೋ ನಷ್ಟ ಬೇರೆ, ತೆಂಗಿನ ಮರ ಹತ್ತೋನಿಗೆ ಆಗೋದು ಬೇರೆ. ಪಾದದ ಹಿಡಿತ ಇಲ್ಲದೆ ಮರ ಹತ್ತೋಕೆ ಆಗುತ್ತಾ?

ಲೆಕ್ಕ ಹಾಕಿ ತೋರಿಸುತ್ತೇನೆ. ತಿಂಗಳಿಗೆ 15,000 ಆದಾಯ ಅಂತ ಇಟ್ಟುಕೊಳ್ಳಿ. ಸ್ವಂತ ದುಡಿಮೆ, 40ಕ್ಕಿಂತ ಕಮ್ಮಿ ವಯಸ್ಸು, ಹಾಗಾಗಿ ಮುಂದಿನ ಏಳಿಗೆಗೆ 40 ಪರ್ಸೆಂಟ್ ಸೇರಿಸಬೇಕು. ಅದು 2017ರ ಪ್ರಣಯ್ ಸೇಥಿ ತೀರ್ಪಿನ ಲೆಕ್ಕ. 21,000 ಆಯ್ತು. ವರ್ಷಕ್ಕೆ 2,52,000. 34 ವರ್ಷಕ್ಕೆ ಗುಣಕ (ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಅನ್ನೋದು) 16, ಅದು 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿ. ಒಟ್ಟು 40,32,000. ನಷ್ಟ 20 ಪರ್ಸೆಂಟ್ ಅಂದರೆ 8,06,400. 60 ಪರ್ಸೆಂಟ್ ಅಂತ ಒಪ್ಪಿದರೆ 24,19,200. ಇದರ ಮೇಲೆ ಆಸ್ಪತ್ರೆ ಖರ್ಚು, ನೋವು, ಮಲಗಿದ್ದ ತಿಂಗಳುಗಳ ದುಡಿಮೆ, ನೋಡಿಕೊಂಡವರ ಖರ್ಚು, ರಾಡ್ ತೆಗೆಸೋ ಆಪರೇಷನ್, ಅರ್ಜಿ ಹಾಕಿದ ದಿನದಿಂದ ಬಡ್ಡಿ. ಒಂದು ಲಕ್ಷದ ಛಾಪಾ ಕಾಗದದ ಮುಂದೆ ಇದನ್ನು ಇಟ್ಟು ನೋಡಿ.

ಕಲ್ಪತರು_ತಂಗಿ

ಓದಿ ಅತ್ತಿಗೆಗೂ ತೋರಿಸಿದೆ. ಆದರೆ ಅಣ್ಣನ ಆದಾಯಕ್ಕೆ ದಾಖಲೆ ಎಲ್ಲಿಂದ ತರೋದು ಮೇಡಂ? ಸಂಬಳದ ಚೀಟಿ ಇಲ್ಲ, ಐಟಿ ಇಲ್ಲ. ಮರಕ್ಕೆ ಇಷ್ಟು ಅಂತ ಕೈಗೆ ಕೊಡುತ್ತಾರೆ.

ಧಾರವಾಡ_ಮಳೆ

ಏನೂ ಇಲ್ಲದಿದ್ದರೆ ಅಪಘಾತದ ವರ್ಷಕ್ಕೆ ಇಷ್ಟು ಅಂತ ಕಾನೂನು ಸೇವಾ ಪ್ರಾಧಿಕಾರದ ಒಂದು ಚಾರ್ಟ್ ಇದೆ. ನಮ್ಮ ಟ್ರಿಬ್ಯುನಲ್‌ಗಳು, ಹೈಕೋರ್ಟ್ ಕೂಡ ಅದನ್ನೇ ಹಿಡಿಯುತ್ತವೆ. ಅದಕ್ಕಿಂತ ಜಾಸ್ತಿ ಬೇಕು ಅಂದರೆ ಸಾಕ್ಷಿ ಬೇಕು. ಫೋನ್‌ಪೇಯಲ್ಲಿ ದುಡ್ಡು ಬಂದಿರಲ್ವಾ? ಬ್ಯಾಂಕಿನಿಂದ ಸ್ಟೇಟ್‌ಮೆಂಟ್ ತೆಗೆಸಿ. ಕೊಬ್ಬರಿ ಮಂಡಿಯವರು ಕೊಟ್ಟ ಚೀಟಿ, ತೋಟದ ಗುತ್ತಿಗೆ ಕಾಗದ, ಏನಿದ್ದರೂ ಹುಡುಕಿ. ಇವನಿಂದ ಕಾಯಿ ಕೀಳಿಸುವ ತೋಟದ ಮಾಲೀಕರು ಇಬ್ಬರು ಬಂದು ಸಾಕ್ಷಿ ಹೇಳಿದರೆ ಬಹಳ ತೂಕ ಬರುತ್ತೆ. ಮರ ಹತ್ತೋದೇ ಇವನ ಕಸುಬು ಅನ್ನೋದು ಅವರ ಬಾಯಿಂದಲೇ ಬರಬೇಕು.

ಕಡೂರು_ಹುಡುಗ

ವಕೀಲರ ಫೀಸಿನ ಬಗ್ಗೆ ಒಂದು ಮಾತು. ಆಸ್ಪತ್ರೆ ಬಾಗಿಲಲ್ಲೇ "ಕೇಸ್ ನಾವು ನೋಡ್ಕೋತೀವಿ, ಬಂದದ್ದರಲ್ಲಿ ಇಷ್ಟು ಪರ್ಸೆಂಟ್" ಅಂತ ಬರೋ ಏಜೆಂಟರಿಗೆ ವಕಾಲತ್ತು ಕೊಡಬೇಡಿ. ಬಂದ ಪರಿಹಾರದಲ್ಲಿ ಪಾಲು ಕೇಳೋದು ವಕೀಲರ ಪರಿಷತ್ತಿನ ನಿಯಮಕ್ಕೇ ವಿರುದ್ಧ.

ಧಾರವಾಡ_ಮಳೆ

ಹೌದು. ದುಡ್ಡಿಲ್ಲ ಅಂತ ಹಿಂದೆ ಸರಿಯಬೇಡಿ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತೆ, ಫೋನ್ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ಅಣ್ಣನಿಗೆ ಆದಾಯ ಮಿತಿಯೊಳಗೆ ಸಿಗಬಹುದು, ಕೇಳಿ ನೋಡಿ.

ಕಲ್ಪತರು_ತಂಗಿ

ಹೊಸ ಸುದ್ದಿ. ಸಮಿತಿಯಿಂದ ವಕೀಲರು ಸಿಕ್ಕರು. ಗಾಡಿ ಬಿಡಿಸೋ ಅರ್ಜಿಗೆ ತಕರಾರು ಹಾಕಿದ್ದಾರೆ, ಪಾಲಿಸಿಯ ಸಮಯದ ವಿಷಯವನ್ನೂ ಅದರಲ್ಲಿ ಬರೆದಿದ್ದಾರೆ. ಆರ್‌ಸಿ ಮಾಲೀಕರ ಹೆಸರಲ್ಲಿ ಜಮೀನು ಇದೆ, ಪಹಣಿ ಸಿಕ್ಕಿತು. ಆ ಹಿರಿಯರು ಮತ್ತೆ ಬಂದಿದ್ದರು, ನಾಲ್ಕು ಲಕ್ಷ ಅಂದರು. ಅಣ್ಣನೇ ಹಾಸಿಗೆಯಿಂದ "ಕೋರ್ಟಲ್ಲೇ ಮಾತಾಡೋಣ ಯಜಮಾನ್ರೇ" ಅಂದ. ಒಂದು ಕೊನೆಯ ಪ್ರಶ್ನೆ. ಆಪರೇಷನ್ ಮಾಡಿದ ಡಾಕ್ಟರು ಕೋರ್ಟಿಗೆ ಬರಲ್ಲ ಅಂದರೆ ಏನು ಮಾಡೋದು?

ಮೂಳೆ_ಡಾಕ್ಟ್ರು

ಬಹಳ ಜನ ಡಾಕ್ಟರುಗಳು ಹಿಂಜರಿಯುತ್ತಾರೆ, ಒಂದು ದಿನದ ಓಪಿಡಿ ಹೋಗುತ್ತೆ ಅಂತ. ವಕೀಲರ ಮೂಲಕ ಕೋರ್ಟಿನಿಂದಲೇ ಸಮನ್ಸ್ ಕಳಿಸಿ. ದೂರ ಇದ್ದರೆ ಕೋರ್ಟ್ ಕಮಿಷನರ್ (ಕೋರ್ಟಿನ ಪರವಾಗಿ ಸಾಕ್ಷಿ ಬರೆದುಕೊಳ್ಳುವವರು) ನೇಮಿಸಿ ಆಸ್ಪತ್ರೆಯಲ್ಲೇ ಸಾಕ್ಷಿ ಬರೆಸಿಕೊಳ್ಳಲು, ಇಲ್ಲವೇ ವಿಡಿಯೊ ಮೂಲಕ ಕೇಳಲು ಅರ್ಜಿ ಹಾಕಬಹುದು. ಅದಕ್ಕೂ ಮೊದಲು ಅಣ್ಣನನ್ನು ಫಾಲೋಅಪ್‌ಗೆ ಅದೇ ಡಾಕ್ಟರ ಹತ್ತಿರ ಬಿಡದೆ ಕರೆದುಕೊಂಡು ಹೋಗಿ. ಪ್ರತಿ ಸಲವೂ "ಮರ ಹತ್ತೋ ಕೆಲಸ" ಅಂತ ಓಪಿಡಿ ಚೀಟಿಯಲ್ಲಿ ಬರೆಯೋಕೆ ಹೇಳಿ. ಆ ಚೀಟಿ ಆಮೇಲೆ ದಾಖಲೆ ಆಗುತ್ತೆ.